ತುರಿಕೆಗೆ ಎಷ್ಟು ಅಂಕ

ಪೊಟ್ಟಣದಲ್ಲಿ ಉಳಿದ ಕೊನೆಯ ಬಿಸ್ಕೆಟ್ ಯಾರಿಗೆ ಸೇರಬೇಕು ಎಂಬುದು ಸಾಮಾನ್ಯ ವಿಷಯವಲ್ಲ. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜರು ಯುದ್ಧ ಹೂಡಿದ್ದಾರೆ. ಆಸ್ಪತ್ರೆಯ ಮೂರನೆಯ ಮಹಡಿಯ ಬೆಂಚಿನ ಮೇಲೆ ಕೂತಿದ್ದ ಚೂಟಿಯೂ ಯುದ್ಧಕ್ಕೆ ಸಿದ್ಧಳಾಗಿದ್ದಳು.

“ಅದು ನಂದು,” ಎಂದಳು.

“ತಗೋ,” ಎಂದ ಅಣ್ಣ.

ಯುದ್ಧ ಅಲ್ಲಿಗೇ ಮುಗಿಯಿತು. ಚೂಟಿ ಬಿಸ್ಕೆಟ್ ತಿಂದಳು. ಅದಕ್ಕೆ ರುಚಿಯೇ ಇರಲಿಲ್ಲ.

ಹಿಂದಾಗಿದ್ದರೆ ಅಣ್ಣ ಬಿಸ್ಕೆಟ್ಟನ್ನು ಮೊದಲು ನೆಕ್ಕಿ, “ಈಗ ಬೇಕಾ?” ಎಂದು ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದ. ಅವಳು ಕಿರುಚುತ್ತಿದ್ದಳು. ಅಮ್ಮ ಒಳಗಿನಿಂದ ಇಬ್ಬರಿಗೂ ಸಮನಾಗಿ ಬೈಯುತ್ತಿದ್ದಳು. ಚೂಟಿಯ ಕೈಮೇಲೆ ಬಿಸಿನೀರು ಬಿದ್ದ ದಿನದಿಂದ ಅಣ್ಣ ಸಭ್ಯನಾಗಿಬಿಟ್ಟಿದ್ದ. ಮನೆಗೆ ಬಂದ ನೆಂಟನ ಹಾಗೆ ಮೆಲ್ಲಗೆ ಮಾತಾಡುತ್ತಿದ್ದ. ರಿಮೋಟ್ ಕೇಳಿದರೆ ಕೊಡುತ್ತಿದ್ದ, ಕೇಳದಿದ್ದರೂ ಕೊಡುತ್ತಿದ್ದ.

ಚೂಟಿಯ ಎಡಗೈಯನ್ನು ಭುಜದಿಂದ ಮಣಿಕಟ್ಟಿನವರೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಹಾಳೆಯ ಕೆಳಗೆ ಚೂಟಿ ತಾನೇ ದಪ್ಪಗೆ ಹಚ್ಚಿಕೊಂಡ ಬಿಳಿ ಕ್ರೀಮು. ಅದು ಚರ್ಮಕ್ಕೆ ಜೋಮು ಹಿಡಿಸುವ ಔಷಧಿ. ಹಚ್ಚಿ ಒಂದು ಗಂಟೆ ಕಾಯಬೇಕು. ಆಮೇಲೆ ಕಲೆಯನ್ನೂ ತುರಿಕೆಯನ್ನೂ ತಗ್ಗಿಸುವ ಲೇಸರ್. ಹಾಳೆಯ ಒಳಗಿಂದ ಸುಟ್ಟ ಗಾಯದ ಕಲೆ ಮಸುಕಾಗಿ ಕಾಣುತ್ತಿತ್ತು: ಉಬ್ಬಿದ, ಹೊಳೆಯುವ ಚರ್ಮ, ಮೊಣಕೈಯ ಹತ್ತಿರ ಹಗ್ಗದ ಹಾಗೆ ದಪ್ಪ. ಆ ಹಗ್ಗ ಕೈಯನ್ನು ಪೂರ್ತಿ ಚಾಚಲು ಬಿಡುತ್ತಿರಲಿಲ್ಲ.

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದಳು. ಕಾಯುವ ಜಾಗದಲ್ಲಿ ಹೊತ್ತು ಕಳೆಯಲು ಇನ್ನೊಬ್ಬರ ಕಷ್ಟದಂಥ ವಸ್ತು ಬೇರೆ ಇಲ್ಲ.

“ಏನಾಗಿತ್ತಪ್ಪಾ ಮಗೂಗೆ?” ಎಂದು ಕೇಳಿದಳು.

“ಬಿಸಿನೀರು ಬಿತ್ತು,” ಎಂದ ಅಣ್ಣ.

“ಅಯ್ಯೋ ಪಾಪ. ಯಾರು ಬೀಳಿಸಿದ್ದು?”

“ನಾನೇ.”

ಹೆಂಗಸು ಬೇಗಬೇಗ ಮಗುವಿನ ಟೋಪಿ ಸರಿಮಾಡಿದಳು. ಅದು ಮೊದಲೇ ಸರಿಯಾಗಿತ್ತು.

“ನಾನೇ ಅಡ್ಡ ಓಡಿ ಬಂದೆ ಆಂಟಿ,” ಎಂದಳು ಚೂಟಿ. “ಬಕೆಟ್ ತುಂಬ ಇತ್ತು, ಇವನಿಗೆ ಕಾಣಿಸಲಿಲ್ಲ.”

ಅಣ್ಣ ಕೇಳಿಸಿಕೊಳ್ಳದವನಂತೆ ಖಾಲಿ ಪೊಟ್ಟಣವನ್ನು ಮಡಚಿದ. ಮತ್ತೆ ಮಡಚಿದ. ಇನ್ನು ಮಡಚಲು ಆಗದಷ್ಟು ಚಿಕ್ಕದಾದ ಮೇಲೆ ಜೇಬಿಗೆ ಹಾಕಿಕೊಂಡ.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೊದಲ ಸಲ ಮಾತ್ರ ಅವಳು ಬಂದಿದ್ದಳು. ಆಮೇಲೆ ಕಾಲೇಜಿಗೆ ರಜೆ ಹಾಕಿ ಅಣ್ಣನೇ ಕರೆದುಕೊಂಡು ಬರುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಬಾಗಿಲು ತೆರೆದು ನರ್ಸ್ ಇಣುಕಿದಳು. “ಬಾಮ್ಮಾ ಮಹಾರಾಣಿ. ಡಾಕ್ಟರು ಕರೀತಿದ್ದಾರೆ.”

ಡಾಕ್ಟರಮ್ಮ ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದಿತ್ತು. ಕಲೆಯ ಬಣ್ಣ ಅವರ ಕಣ್ಣಿಗೆ ಕಾಣುತ್ತದೆ, ಅದು ಗಟ್ಟಿಯೋ ಮೆತ್ತಗೋ ಅವರ ಬೆರಳಿಗೆ ತಿಳಿಯುತ್ತದೆ. ತುರಿಕೆಯನ್ನು ಮಾತ್ರ ಅವರು ಚೂಟಿಯನ್ನೇ ಕೇಳಬೇಕು. ತುರಿಕೆ ಇಲ್ಲವೇ ಇಲ್ಲ ಎಂದರೆ ಸೊನ್ನೆ. ತಡೆಯಲು ಆಗುವುದೇ ಇಲ್ಲ ಎಂದರೆ ಹತ್ತು.

ಮೊದಲ ಸಲ ಚೂಟಿ ಎಂಟು ಅಂದಿದ್ದಳು. ಅದು ನಿಜ. ಅಮ್ಮನಿಂದ ಅದನ್ನು ಕೇಳಿ ಆ ರಾತ್ರಿ ಅಣ್ಣ ಊಟ ಮಾಡಲಿಲ್ಲ. ಎರಡನೆಯ ಸಲ, ಏನಾಗುತ್ತದೋ ನೋಡೋಣ ಎಂದು ಆರು ಅಂದಳು. ಅಣ್ಣ ದಾರಿಯುದ್ದಕ್ಕೂ ಏನೋ ಹಾಡು ಗುನುಗಿದ. ಮನೆಯಲ್ಲಿ ಎರಡು ಸಲ ಬಡಿಸಿಕೊಂಡ. ಮೂರನೆಯ ಸಲ ಅವಳು ನಾಲ್ಕು ಅಂದಳು. ಸ್ಕೂಲಿನಲ್ಲಿ ಅಂಕ ಏರಿದರೆ ಮನೆಯವರಿಗೆ ಸಂತೋಷ, ಇಲ್ಲಿ ಇಳಿದರೆ ಸಂತೋಷ. ಅಂಕ ಕೊಡುವ ಅಧಿಕಾರ ಚೂಟಿಯ ಕೈಯಲ್ಲೇ ಇತ್ತು. ಅವಳು ಧಾರಾಳವಾಗಿ ಇಳಿಸಿದಳು.

ತುರಿಕೆ ಮಾತ್ರ ಇಳಿದಿರಲಿಲ್ಲ. ಕ್ಲಾಸಿನಲ್ಲಿ ಬಲಗೈ ಲೆಕ್ಕ ಬರೆಯುತ್ತಿದ್ದರೆ ಎಡಗೈ ಡೆಸ್ಕಿನ ಅಂಚಿಗೆ ತಿಕ್ಕುತ್ತಲೇ ಇರುತ್ತಿತ್ತು. ಅಂಗಿಯ ತೋಳಿನೊಳಗೆ ಸ್ಕೇಲು ತೂರಿಸಿ ಕೆರೆದುಕೊಳ್ಳುವುದನ್ನೂ ಕಲಿತಿದ್ದಳು. ಒಮ್ಮೊಮ್ಮೆ ರಕ್ತ ಬರುತ್ತಿತ್ತು. ಕರ್ಚೀಫನ್ನು ತಾನೇ ತೊಳೆದು ಹಾಕುತ್ತಿದ್ದಳು. ಇಷ್ಟು ಅಚ್ಚುಕಟ್ಟಾದ ಹುಡುಗಿ ಬೇರೆ ಇಲ್ಲ ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೊಗಳಿಕೊಂಡಿದ್ದಳು.

“ಹೇಳು ಚೂಟಿ,” ಎಂದರು ಡಾಕ್ಟರಮ್ಮ. “ಈ ಸಲ ತುರಿಕೆಗೆ ಎಷ್ಟು ಮಾರ್ಕ್ಸ್?”

ಅಣ್ಣ ಕುರ್ಚಿಯ ತುದಿಗೆ ಸರಿದ.

“ಎರಡು,” ಎಂದಳು ಚೂಟಿ.

ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಕ್ರೀಮು ಹಚ್ಚಿದ ಈ ಒಂದು ಗಂಟೆ ಕೈಗೆ ಏನೂ ಗೊತ್ತಾಗುವುದಿಲ್ಲ. ಈ ಗಂಟೆಯ ಲೆಕ್ಕ ಹಿಡಿದರೆ ಸೊನ್ನೆಯೇ ಸರಿ. ಎರಡು ಅಂಕ ಅವಳೇ ಸೇರಿಸಿದ್ದು.

ಡಾಕ್ಟರಮ್ಮ ಹಳೆಯ ಫೋಟೋಗಳನ್ನು ನೋಡಿದರು. ಹಾಳೆಯ ಮೇಲಿನಿಂದಲೇ ಮೊಣಕೈ ಒತ್ತಿ ನೋಡಿದರು. “ಇಲ್ಲಿ ಇನ್ನೂ ಸ್ವಲ್ಪ ಗಟ್ಟಿ ಇದೆ. ಅದು ಎಕ್ಸರ್‌ಸೈಜಿನಲ್ಲೇ ಸಡಿಲ ಆಗಬಹುದು. ತುರಿಕೆ ಇಷ್ಟು ಕಡಿಮೆ ಆಗಿದೆ ಅಂದ್ಮೇಲೆ ಮಗೂನ ಸುಮ್ನೆ ಯಾಕೆ ನೋಯಿಸೋದು? ಲೇಸರ್ ಇವತ್ತಿಗೆ ನಿಲ್ಲಿಸೋಣ.”

ಚೂಟಿಗೆ ಮೊದಲು ಕಂಡದ್ದು ಲೇಸರ್ ಕೋಣೆ. ಟಕ್ ಟಕ್ ಎಂದು ಬೀಳುವ ಬೆಳಕಿನ ಚುಕ್ಕಿಗಳು, ಕ್ರೀಮನ್ನೂ ದಾಟಿ ಬರುವ ಸೂಜಿ ಚುಚ್ಚಿದಂಥ ಉರಿ, ಕೂದಲು ಸೀದ ವಾಸನೆ. ಅದು ಇನ್ನು ಇಲ್ಲ. ಆಮೇಲೆ ಕಂಡದ್ದು ಅಣ್ಣನ ಮುಖ. ಅವನು ನಗುತ್ತಿದ್ದ. ನಗುವಾಗ ಅವನ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ನರ್ಸ್ ಪ್ಲಾಸ್ಟಿಕ್ ಹಾಳೆ ಬಿಚ್ಚತೊಡಗಿದಳು. ಅಣ್ಣ ಆಗಲೇ ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಹತ್ತಿರ ಹೋಗಿದ್ದ.

“ಅಮ್ಮಾ, ಮುಗೀತಂತೆ. ಹೂಂ, ಪೂರ್ತಿ. ಇನ್ಮೇಲೆ ಬರೋದು ಬೇಡವಂತೆ.”

ಇನ್ಮೇಲೆ ಬರೋದು ಬೇಡ. ಅಂದರೆ ಡೆಸ್ಕಿನ ಅಂಚು, ಸ್ಕೇಲು, ಕರ್ಚೀಫು ಇವೇ ಇನ್ನು ಗತಿ. ಇನ್ನೊಂದು ಗಂಟೆಯಲ್ಲಿ ಜೋಮು ಇಳಿಯುತ್ತದೆ. ತುರಿಕೆ ಬಸ್ಸಿನಲ್ಲೇ ಶುರುವಾಗುತ್ತದೆ. ಆಗ ಅವಳು ಯಾರಿಗೆ ಹೇಳಬೇಕು?

“ಎರಡು ಅಲ್ಲ,” ಎಂದಳು.

ಮಾತು ಎಷ್ಟು ಸಣ್ಣಗೆ ಬಂತೆಂದರೆ ನರ್ಸಿಗೆ ಮಾತ್ರ ಕೇಳಿಸಿತು. ಅವಳ ಕೈ ನಿಂತಿತು. “ಜೋರಾಗಿ ಹೇಳಮ್ಮಾ,” ಎಂದಳು.

“ಎರಡು ಅಲ್ಲ. ಎಂಟು.”

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಹೋದ ಸಲ ನಾಲ್ಕು ಅಂದಿದ್ದೆಯಲ್ಲ?”

“ಅದೂ ಎಂಟೇ. ಅದಕ್ಕೂ ಮುಂಚಿಂದೂ ಎಂಟೇ.”

ನರ್ಸ್ ತೋಳಿನ ಕ್ರೀಮನ್ನು ಮೆಲ್ಲಗೆ ಒರೆಸಿದಳು. ಒರೆಸಿದಲ್ಲೆಲ್ಲ ಕೆರೆದ ಗೆರೆಗಳು, ಕೆಲವು ಹಳೆಯವು, ಕೆಲವು ನಿನ್ನೆಯವು. ಫೋನಿನಲ್ಲಿ ಅಮ್ಮ ಏನೋ ಕೇಳುತ್ತಲೇ ಇದ್ದಳು.

“ಇಲ್ಲಮ್ಮ,” ಎಂದ ಅಣ್ಣ. “ಮುಗಿದಿಲ್ಲ. ಆಮೇಲೆ ಮಾಡ್ತೀನಿ.”

ಡಾಕ್ಟರಮ್ಮ ಬೈಯಲಿಲ್ಲ. ತುರಿಕೆಗೆ ಕುಡಿಯುವ ಔಷಧಿ ಬರೆದುಕೊಟ್ಟರು. ಗೆರೆಗಳಿದ್ದ ಜಾಗ ಬಿಟ್ಟು ಉಳಿದ ಕಡೆ ಇವತ್ತೇ ಲೇಸರ್ ಮಾಡೋಣ ಎಂದರು.

ಲೇಸರ್ ನಡೆಯುವಾಗ ಯಾವಾಗಲೂ ಹೊರಗೇ ಕೂರುತ್ತಿದ್ದ ಅಣ್ಣ ಅಂದು ಆ ಕೋಣೆಯ ಒಳಗೆ ಬಂದ. ನರ್ಸ್ ಕೊಟ್ಟ ದೊಡ್ಡ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ನಿಂತ. ಚೂಟಿಗೂ ಕಣ್ಣು ಮುಚ್ಚುವ ಕನ್ನಡಕ ಕಟ್ಟಿದ್ದರು. ಕತ್ತಲಲ್ಲಿ ಟಕ್ ಟಕ್ ಶುರುವಾಯಿತು. ವಾಸನೆಯೂ ಬಂತು.

“ಎಷ್ಟು ದೊಡ್ಡ ಕಳ್ಳಿ ನೀನು,” ಎಂದ ಅಣ್ಣ. “ಮೂರು ಸಲ ನನ್ನ ಮಂಗ ಮಾಡಿದ್ದೀಯ.”

“ಈಗ ಬೈಬೇಡ. ಲೇಸರ್ ನಡೀತಿದೆ.”

“ನಡೀಲಿ. ಅದಕ್ಕೇನು ಕಿವಿ ಇದೆಯಾ?”

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ನರ್ಸ್. “ಮಹಾರಾಣಿ, ಅಲ್ಲಾಡಬೇಡ.”

ಚೂಟಿ ಅಲ್ಲಾಡಲಿಲ್ಲ. ಕಣ್ಣೀರು ಕನ್ನಡಕದ ಒಳಗೇ ನಿಂತಿತು. ನೋವು ಎಂದಿನಷ್ಟೇ ಇತ್ತು.

ಮನೆಯ ಬಸ್ಸು ಮೂರು ಸ್ಟಾಪು ದಾಟಿತು. ಅಣ್ಣ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೇಳಿದ. “ಯಾಕೆ ಹಾಗೆ ಹೇಳಿದೆ?”

“ಎಂಟು ಅಂದಿದ್ದ ದಿನ ನೀನು ಊಟ ಮಾಡಲಿಲ್ಲ.”

“ನನ್ನ ಹೊಟ್ಟೆ ನಾನು ನೋಡ್ಕೋತೀನಿ,” ಎಂದ. “ನೀನು ನಿನ್ನ ಕೈ ನೋಡ್ಕೋ.” ಸ್ವಲ್ಪ ಬಿಟ್ಟು, “ಎಂಟೇನಾ? ನಿಜ ಹೇಳು,” ಎಂದ.

“ಒಂಬತ್ತು.”

“ಮತ್ತೆ ಅಲ್ಲಿ ಎಂಟು ಅಂದ್ಯಲ್ಲೇ.”

“ಡಾಕ್ಟರಮ್ಮಗೆ ಬೇಜಾರಾಗುತ್ತೆ ಅಂತ.”

“ಥೂ,” ಎಂದ ಅಣ್ಣ. ಮುಖ ಆಚೆ ತಿರುಗಿಸಿಕೊಂಡ. ಅವನ ಕಿವಿ ಕೆಂಪಗಾಗಿತ್ತು.

ಬಸ್ಸು ತಿರುಗಿದಾಗ ಬಿಸಿಲು ಅವಳ ಬ್ಯಾಂಡೇಜಿನ ಮೇಲೆ ಬಿತ್ತು. ಕೈಗೆ ಬಿಸಿಲು ತಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಅಣ್ಣ ಅವಳ ಅಂಗಿಯ ಕಾಲರು ಹಿಡಿದು ಎಳೆದ. “ಏಳು ಮೇಲೆ. ಈ ಕಡೆ ಬಾ. ಅಷ್ಟೂ ಗೊತ್ತಾಗಲ್ವಾ ನಿನಗೆ?”

ಕಾಲರು ಕುತ್ತಿಗೆಗೆ ಬಿಗಿಯಿತು. ಇಷ್ಟು ದಿನ ಅವನು ಅವಳನ್ನು ಗಾಜಿನ ಲೋಟ ಮುಟ್ಟುವ ಹಾಗೆ ಮುಟ್ಟುತ್ತಿದ್ದ. ಚೂಟಿ ಎದ್ದು ನೆರಳಿನ ಕಡೆ ಕೂತಳು. ಅಣ್ಣ ಇವತ್ತೂ ಊಟ ಮಾಡುವುದಿಲ್ಲ, ನಾಳೆಯೂ ಸಿಟ್ಟಾಗಿಯೇ ಇರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಇಳಿಸುವ ಅಂಕ ಅವಳ ಹತ್ತಿರ ಇರಲಿಲ್ಲ. ಆದರೆ ಸಿಟ್ಟಾದ ಅಣ್ಣನ ಪಕ್ಕ ಕೂತು ಅವಳಿಗೆ ಅಭ್ಯಾಸವಿತ್ತು. ಇಷ್ಟು ದಿನ ಪಕ್ಕದಲ್ಲಿ ಕೂತಿದ್ದವನು ಬೇರೆ ಯಾರೋ.

ಜೋಮು ಇಳಿಯತೊಡಗಿತು.

“ಅಣ್ಣಾ, ಶುರುವಾಯ್ತು,” ಎಂದಳು.

“ಎಷ್ಟು?”

“ಏಳು. ಈಗ ಎಂಟು.”

“ಕೆರೀಬೇಡ. ಹೇಳ್ತಾ ಇರು,” ಎಂದ ಅಣ್ಣ.

ಇಬ್ಬರೂ ಇಳಿಯುವ ಸ್ಟಾಪು ಬರುವವರೆಗೂ ಅವಳು ಹೇಳುತ್ತಲೇ ಹೋದಳು.

ಲೇಸರ್ ಇನ್ನೂ ನಾಲ್ಕು ಸಲ ನಡೆಯಿತು. ಮೊಣಕೈ ಮುಕ್ಕಾಲು ನೇರವಾಯಿತು, ತುರಿಕೆ ಮೂರಕ್ಕೆ ಇಳಿಯಿತು. ಕಲೆ ಹೋಗಲಿಲ್ಲ.