ಕಡಲ ಮೇಲೆ ಕೆಂಪು ಕಾರು

"ಹಿಲ್ಯಾಳ ಇನ್ಸುಲಿನ್ನೆಲ್ಲ ಹೆಪ್ಪುಗಟ್ಟಿ ಹಾಳಾಗಿದ್ಯಂತೆ" ಅಂದ ಕಾಲ್ಯೊ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತ. "ಅಲ್ಲಿ ಕರೆಂಟ್ ಹೋಗಿ ಎರಡು ದಿನ ಆಯ್ತು. ಜ್ವರ ಬಂದು ಮಲಗಿದ್ಲಂತೆ, ಒಲೆನೂ ಆರಿದೆ. ಈಗ ಫೋನಲ್ಲಿ ಮಾತು ತೊದಲ್ತಾ ಇತ್ತು. ಆಮೇಲೆ ಫೋನೂ ಸತ್ತೋಯ್ತು."

ಕಾರಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಸಿರ್ಯೆ ಮೆಲ್ಲಗೆ ಎದ್ದಳು. ಹಿಲ್ಯಾ ಅವಳ ನಾದಿನಿ, ಸತ್ತ ಗಂಡ ರೈಮೊನ ತಂಗಿ. ಹಾಲ್‌ರಾಹು ಎಂಬ ಪುಟ್ಟ ದ್ವೀಪದಲ್ಲಿ ಕುರಿಗಳ ಜೊತೆ ಒಬ್ಬಳೇ ಇರುವವಳು. ಹೀಯುಮಾ ಎಂಬ ದೊಡ್ಡ ದ್ವೀಪದ ಈ ದಂಡೆಯಿಂದ ಬೇಸಿಗೆಯಲ್ಲಾದರೆ ಅಲ್ಲಿಗೆ ದೋಣಿ ಇದೆ. ಈಗ ನಡುವಿನ ಕಡಲೆಲ್ಲ ಹೆಪ್ಪುಗಟ್ಟಿತ್ತು.

ಈ ದಟ್ಟ ಮಂಜಿನ ಕಾವಳದಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೂ ಓಡುವ ರಕ್ಷಣಾ ಪಡೆಯ ಗಾಳಿದೋಣಿ ಪೇಯ್ಪ್ಸಿ ಸರೋವರಕ್ಕೆ ಹೋಗಿದೆ, ಒಡೆದ ಮಂಜುಗಡ್ಡೆಯ ಮೇಲೆ ತೇಲಿಹೋದ ಬೆಸ್ತರನ್ನು ಎತ್ತಲು. ಅದು ನಾಡಿನ ಇನ್ನೊಂದು ತುದಿ. ಹಿಮದ ಸ್ಕೂಟರಿಗೆ ಅಡಿಯಲ್ಲಿ ಹಿಮ ಬೇಕು. ಗಾಳಿ ಗುಡಿಸಿ ಬರಿದು ಮಾಡಿದ ಗಡ್ಡೆಯ ಮೇಲೆ ಅದರ ಎಂಜಿನ್ ಕಾದು ಕೆಂಡವಾಗಿ ನಿಂತುಬಿಡುತ್ತದೆ. ಚಳಿಗಾಲದ ಕಡಲರಸ್ತೆ ಇನ್ನೂ ತೆರೆದಿರಲಿಲ್ಲ. ಆ ರಸ್ತೆಯ ಕಾವಲುಗಾರ ಊರಿನ ಮುದುಕ ಕಾಲ್ಯೊನೇ. ಹಾರೆಯಿಂದ ಗಡ್ಡೆ ಕುಟ್ಟಿ ನೋಡಿ, ಜುನಿಪರ್ ಪೊದೆಯ ಕೊಂಬೆಗಳನ್ನು ಸಾಲಾಗಿ ನೆಟ್ಟು ದಾರಿ ಗುರುತಿಸಿದ್ದ. ಆದರೆ ಗಡ್ಡೆ ಇನ್ನೂ ತೆಳು. ಸಾಧಾರಣ ಕಾರನ್ನು ಅದು ಹೊರುವುದಿಲ್ಲ.

"ನಿನ್ನ ಈ ಆಟದ ಸಾಮಾನು ಎಷ್ಟು ತೂಕ?" ಎಂದು ಕೇಳಿದ.

"ಒಂದು ಟನ್ನೂ ಇಲ್ಲ."

"ಮೇಲಿನ ಬಟ್ಟೆ ಮಾಡು ಮಡಚಬಹುದು ಅಲ್ವಾ? ಮುಳುಗಿದ್ರೆ ಹಾರ್ಕೊಳ್ಳೋಕೆ ಬೇಕು."

"ಮಡಚಬಹುದು."

"ಹಾಗಾದ್ರೆ ಇದೊಂದೇ ಗಾಡಿ. ಇದನ್ನ ಓಡಿಸೋಕೆ ಬರೋದು ನಿನಗೊಬ್ಬಳಿಗೇ."

ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ, ರೈಮೊನ ಕೆಂಪು ಕಾರು ಅದು. ಎಂಜಿನ್ ಮುಂದೆ, ಓಟವೆಲ್ಲ ಹಿಂದಿನ ಚಕ್ರದ್ದು. ಹಿಮ ಬಿದ್ದ ಊರಲ್ಲಿ ಇಂಥದನ್ನು ಓಡಿಸುವುದು ಎಣ್ಣೆ ಹಚ್ಚಿದ ಹಂದಿ ಹಿಡಿದ ಹಾಗೆ ಅನ್ನುವುದು ಊರವರ ಗೇಲಿ. ರೈಮೊ ಸತ್ತ ಮೇಲೆ ಸಿರ್ಯೆ ಅದನ್ನು ಮಾರಲಿಲ್ಲ, ಗೋಣಿ ಹೊದೆಸಿ ನಿಲ್ಲಿಸಲೂ ಇಲ್ಲ. ಪ್ರತಿ ಚಳಿಗಾಲ ಮೊಳೆ ಬಡಿದ ಸಪೂರ ಟೈರು ಹಾಕಿ, ಬಾಗಿಲ ರಬ್ಬರಿಗೆ ಅಂಟದ ಹಾಗೆ ಎಣ್ಣೆ ಸವರಿ, ರಾತ್ರಿಯೆಲ್ಲ ಎಂಜಿನ್ನಿಗೆ ಕಾವು ಕೊಡುವ ತಂತಿ ಸಿಕ್ಕಿಸಿ, ಡಿಕ್ಕಿಯಲ್ಲಿ ಹಿಂದಿನ ಅಚ್ಚಿನ ಮೇಲೆ ಮರಳುಮೂಟೆ ಇಟ್ಟು ಓಡಿಸುತ್ತಿದ್ದಳು. ಮೊದಲ ವರ್ಷ ಮೂರು ಸಲ ಚರಂಡಿಗೆ ಬಿದ್ದಳು. ಆಮೇಲೆ ಬೀಳಲಿಲ್ಲ. ಆಕ್ಸಿಲರೇಟರನ್ನು ಕಾಲಿನಿಂದಲ್ಲ, ಉಸಿರಿನಿಂದ ಒತ್ತಬೇಕು ಎಂದು ಅವಳಿಗೆ ಗೊತ್ತಾಗಿತ್ತು.

ಆದರೆ ಅದನ್ನು ಕಡಲಿಗೆ ಮಾತ್ರ ಅವಳು ಇಳಿಸಿರಲಿಲ್ಲ.

ಆರು ಚಳಿಗಾಲದ ಹಿಂದೆ ಬೇರೊಂದು ಕಾರಿನಲ್ಲಿ ಅವಳೂ ರೈಮೊನೂ ಇದೇ ಗಡ್ಡೆಯ ಮೇಲೆ ಹೊರಟಿದ್ದರು. ಕಡಲರಸ್ತೆಯಲ್ಲಿ ಸೀಟುಬೆಲ್ಟು ಹಾಕಬಾರದೆಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ರೈಮೊ ರೇಸಿನವನು; ಕಾರು ಸ್ವಲ್ಪ ಜಾರಿದರೆ ಸಾಕು, ಅವನ ಕೈ ತಾನಾಗಿ ಬೆಲ್ಟು ಬಿಗಿಯುತ್ತಿತ್ತು. ಗಡ್ಡೆ ಒಡೆಯಿತು. ಸಿರ್ಯೆ ಹೊರಗೆ ಬಂದಳು, ಅವನು ಬರಲಿಲ್ಲ. ಮಣ್ಣಿಗಿಟ್ಟ ದಿನ ಹಿಲ್ಯಾ ಎಲ್ಲರ ಎದುರು ಕೇಳಿದ್ದು ಒಂದೇ ಮಾತು: "ನೀನು ಈಚೆ ಬಂದ್ಯಲ್ಲ, ಅವನ ಬೆಲ್ಟ್ ಯಾಕೆ ಬಿಚ್ಚಲಿಲ್ಲ?" ಆಮೇಲೆ ಅವರಿಬ್ಬರ ನಡುವೆ ಮಾತಿಲ್ಲ.

"ನನ್ನ ಮುಖ ನೋಡಿದ್ರೆ ಅವಳು ಬಾಗಿಲು ಹಾಕ್ಕೊಳ್ತಾಳೆ, ಕಾಲ್ಯೊ ಮಾವ" ಅಂದಳು ಸಿರ್ಯೆ.

"ಹಾಕ್ಕೊಳ್ಳೋಕೆ ಜೀವ ಇದ್ರೆ ಸಂತೋಷ. ಹೊರಡು ಮಗಾ."

ಊರಿನ ನರ್ಸ್ ಕೊಟ್ಟ ಇನ್ಸುಲಿನ್ ಸೀಸೆಯನ್ನು ಸಿರ್ಯೆ ಬನಿಯನ್ನಿನೊಳಗೆ, ಹೊಟ್ಟೆಗೆ ತಾಗುವಂತೆ ಕಟ್ಟಿಕೊಂಡಳು. ಕಾಡಿನ ದಾರಿಯಲ್ಲಿ ಪಾದ ಮುಳುಗುವಷ್ಟು ಹಿಮ. ಎರಡನೇ ಗೇರಿನಲ್ಲೇ ಎಬ್ಬಿಸಿ, ಬಾಲ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ, ಎಲ್ಲೂ ನಿಲ್ಲಿಸದೆ ಕಾರನ್ನು ದಂಡೆಗೆ ತಂದಳು. ಅಲ್ಲಿ ಕಾಲ್ಯೊ ಡಿಕ್ಕಿ ತೆಗೆದು ಮರಳುಮೂಟೆಗಳನ್ನು ಹಿಮಕ್ಕೆ ಎಸೆದ.

"ಅಯ್ಯೋ, ಅದಿಲ್ದೆ ಇದು ಬಾಲ ತಿರುಗಿಸಿಬಿಡತ್ತೆ."

"ಭಾರ ಇದ್ರೆ ಗಡ್ಡೆ ತಿರುಗಿಬೀಳತ್ತೆ. ಹಿಂದೆ ಭಾರ ಬೇಕಾದಾಗ ಹೇಳು, ನಾನೇ ಹೋಗಿ ಕೂತ್ಕೋತೀನಿ. ಮೂಟೆಗಿಂತ ಏನು ಕಮ್ಮಿ ಇದೀನಿ?"

ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚಿದರು. ಇಬ್ಬರೂ ಬೆಲ್ಟುಗಳನ್ನು ಸೀಟಿನ ಹಿಂದಕ್ಕೆ ಎಸೆದರು. ಟೋಪಿ ಕಿವಿ ಮುಚ್ಚುವಂತೆ ಎಳೆದುಕೊಂಡು, ಮಾಡಿಲ್ಲದ ಕಾರಿನಲ್ಲಿ ಕಡಲಿಗಿಳಿದರು.

ಮುಂದೆ ಬಿಳುಪು, ಮೇಲೆ ಬಿಳುಪು. ದಂಡೆ ಎರಡೇ ನಿಮಿಷದಲ್ಲಿ ಅಳಿಸಿಹೋಯಿತು. ಕಪ್ಪಗೆ ಕಾಣುವ ಗಡ್ಡೆಯೊಳಗೆ ಗಾಳಿಗುಳ್ಳೆಗಳು ನಾಣ್ಯ ಚೆಲ್ಲಿದ ಹಾಗೆ ಹೆಪ್ಪುಗಟ್ಟಿದ್ದವು. ಕಾವಳದೊಳಗಿಂದ ಒಂದೊಂದೇ ಜುನಿಪರ್ ಕೊಂಬೆ ಎದ್ದು ಬಂದು, ಪಕ್ಕದಲ್ಲಿ ನಿಂತು, ಹಿಂದಕ್ಕೆ ಸರಿಯುತ್ತಿತ್ತು. ದೂರದಿಂದ ನೋಡಿದರೆ ಪ್ರತಿಯೊಂದೂ ಯಾರೋ ಮನುಷ್ಯ ನಿಂತ ಹಾಗೇ ಕಾಣುತ್ತಿತ್ತು. ಸಿರ್ಯೆ ಅವುಗಳ ಮುಖ ಹುಡುಕಬಾರದೆಂದು ಎಷ್ಟು ಅಂದುಕೊಂಡರೂ ಕಣ್ಣು ಹುಡುಕುತ್ತಲೇ ಇತ್ತು.

"ಇಪ್ಪತ್ತೈದು ದಾಟಿಸ್ಬೇಡ" ಅಂದ ಕಾಲ್ಯೊ. "ಇಲ್ಲಾ ನಲವತ್ತರ ಮೇಲೆ ಹೋಗು. ನಡುವಿನ ವೇಗಕ್ಕೆ ಕೆಳಗಿನ ನೀರಲ್ಲಿ ಅಲೆ ಏಳತ್ತೆ. ಆ ಅಲೆನೇ ಗಡ್ಡೆ ಒಡೆಯೋದು."

"ಗೊತ್ತು ಮಾವ."

"ಗೊತ್ತಿರೋರಿಗೇ ಹೇಳ್ಬೇಕು. ಗೊತ್ತಿಲ್ದೋರು ಇಲ್ಲಿಗೆ ಬರಲ್ಲ."

ಆಗ ಅವಳಿಗೆ ಕೇಳಿಸಿತು. ಹಿಂದೆ, ಒಂದಷ್ಟು ದೂರದಲ್ಲಿ, ಇನ್ನೊಂದು ಎಂಜಿನ್. ಗೇರು ಇಳಿಸಿದಾಗ ರೈಮೊನ ಆ ಮುಳುಗಿದ ಕಾರು ಕೊಡುತ್ತಿದ್ದ ಅದೇ ಸೀಳುದನಿ. ಅವಳು ಕನ್ನಡಿ ನೋಡಿದಳು. ಕಾವಳ ಬಿಟ್ಟರೆ ಏನಿಲ್ಲ.

"ಮಾವ, ನಿಂಗೂ..."

"ಕೇಳಿಸ್ತು. ಗಡ್ಡೆ ಹಾಡ್ತಿದೆ. ಓಗೊಡಬೇಡ, ಸುಮ್ನೆ ಓಡಿಸು" ಅಂದ ಮುದುಕ. ಅವನ ಮುಖವೂ ಬಿಳಿಚಿಕೊಂಡಿತ್ತು.

ನಡುದಾರಿಯಲ್ಲಿ ಗಡ್ಡೆಗಳು ಒಂದರ ಮೇಲೊಂದು ಏರಿ ದಿಬ್ಬವಾಗಿದ್ದವು. ಹಿಂದಿನ ಚಕ್ರ ಅಲ್ಲೇ ಗಿರಗಿರನೆ ತಿರುಗಿತು. ಕಾಲ್ಯೊ ಹೇಳಿದ ಮಾತಿನಂತೆ ಡಿಕ್ಕಿಯ ಮೇಲೆ ಹತ್ತಿ ಕುದುರೆ ಸವಾರನಂತೆ ಕಾಲು ಚಾಚಿ ಕೂತ. "ಹೂಂ, ಎಳಿಯೇ" ಅಂದ. ಮೊಳೆಗಳು ಗಡ್ಡೆ ಕಚ್ಚಿದವು. ಕಾರು ದಿಬ್ಬ ಹತ್ತಿ ಆಚೆ ಜಾರಿತು.

ಹಿಲ್ಯಾಳ ಮನೆ ತಣ್ಣಗೆ ಕೊರೆಯುತ್ತಿತ್ತು. ಕುರಿಚರ್ಮ ಹೊದ್ದು ಮೂಲೆಯಲ್ಲಿ ಬಿದ್ದಿದ್ದ ಅವಳ ಉಸಿರಲ್ಲಿ ಕೊಳೆತ ಸೇಬಿನ ವಾಸನೆ. ಸಿರ್ಯೆ ತನ್ನ ಹೊಟ್ಟೆಯ ಬಿಸಿಯಲ್ಲಿದ್ದ ಔಷಧಿಯನ್ನು ನರ್ಸ್ ಹೇಳಿದಷ್ಟೇ ಚುಚ್ಚಿದಳು. ಕಾಲ್ಯೊ ಒಲೆ ಹಚ್ಚಿದ. ಬಹಳ ಹೊತ್ತಿನ ಮೇಲೆ ಹಿಲ್ಯಾ ಕಣ್ಣು ಬಿಟ್ಟಳು.

"ನೀನಾ" ಅಂದಳು. ಅಷ್ಟೇ.

"ಇದೊಂದು ಸೂಜಿ ಸಾಲಲ್ಲ" ಅಂದಳು ಸಿರ್ಯೆ ಕಾಲ್ಯೊನಿಗೆ. "ಕತ್ತಲಾಗೋದ್ರೊಳಗೆ ಆಸ್ಪತ್ರೆಗೆ ಸೇರಿಸದಿದ್ರೆ ಉಳಿಯಲ್ಲ ಅಂದಿದಾರೆ ನರ್ಸ್."

"ಕರ್ಕೊಂಡು ಹೋಗು. ನಾನು ಇಲ್ಲೇ ಕುರಿ ನೋಡ್ಕೊಂಡಿರ್ತೀನಿ. ಮೂರು ಜನಾಂದ್ರೆ ಗಡ್ಡೆ ಸುಮ್ನಿರಲ್ಲ. ದಿಬ್ಬಕ್ಕೆ ಹೆದರ್ಬೇಡ, ಈ ಕಡೆಯಿಂದ ಅದರ ಏರು ಕಮ್ಮಿ."

ಹೊರಡುವಾಗ ಹಿಮ ಬೀಳತೊಡಗಿತ್ತು. ಬಂದ ಚಕ್ರದ ಗೀರುಗಳು ಮುಚ್ಚಿಹೋಗಿದ್ದವು. ಉಳಿದದ್ದು ಜುನಿಪರ್ ಸಾಲೊಂದೇ. ಒಂದು ಕೊಂಬೆ, ಕಾವಳ, ಇನ್ನೊಂದು ಕೊಂಬೆ. ಪಕ್ಕದಲ್ಲಿ ಹಿಲ್ಯಾ ತಲೆ ವಾಲಿಸಿ ಕೂತಿದ್ದಳು. ಅವಳ ಉಸಿರು ಕೇಳಿಸುತ್ತದೋ ಇಲ್ಲವೋ ಎಂದು ಸಿರ್ಯೆ ಮತ್ತೆ ಮತ್ತೆ ಆ ಕಡೆ ಬಾಗುತ್ತಿದ್ದಳು.

ದಿಬ್ಬ ದಾಟಿದ ಮೇಲೆ ಆ ಎಂಜಿನ್ ಸದ್ದು ಮತ್ತೆ ಬಂತು. ಈ ಸಲ ಹಿಂದಿನಿಂದಲ್ಲ, ಪಕ್ಕದಿಂದ. ಕಾವಳದ ಗೋಡೆಯಾಚೆ ತನ್ನ ಜೊತೆಜೊತೆಗೇ ಓಡುತ್ತಿದೆ. ಸಿರ್ಯೆ ಆ ಕಡೆ ತಿರುಗಿದಳು. ಕಾಲು ಒಂಚೂರು ಹೆಚ್ಚು ಒತ್ತಿತು. ಬಾಲ ಜಾರಿತು. ಕಾರು ಬುಗುರಿಯಂತೆ ಒಂದು ಸುತ್ತು ತಿರುಗಿ ಮತ್ತೆ ಹಿಡಿತಕ್ಕೆ ಬಂತು.

ಯಾವ ಕಡೆ ದಂಡೆ? ಬಲಕ್ಕೆ ಒಂದು ಕೊಂಬೆ ಮಸುಕಾಗಿ ಕಂಡಿತು. ಅವಳು ಅದರತ್ತ ಹೊರಳಿಸಿದಳು.

ಹತ್ತಿರ ಹೋದಾಗ ಹಿಲ್ಯಾ ತಲೆಯೆತ್ತಿದಳು. ಕಣ್ಣು ಅಗಲವಾದವು.

"ಬೇಡ! ಅದು ದಾರಿದಲ್ಲ. ಅದು ನಾನು ನೆಟ್ಟಿದ್ದು. ರೈಮೊಗೆ."

ಚಟ್ ಎಂದಿತು ಗಡ್ಡೆ.

ಎಡಗಡೆಯ ಹಿಂದಿನ ಚಕ್ರ ಕುಸಿಯಿತು. ಕಾರು ಓರೆಯಾಗಿ ನಿಂತಿತು. ಚಕ್ರದ ಸುತ್ತ ಕಪ್ಪು ನೀರು ಗುಳುಗುಳು ಎನ್ನುತ್ತ ಮೇಲೆ ಬಂತು.

"ಹಾರು ಹಿಲ್ಯಾ!" ಎಂದು ಸಿರ್ಯೆ ಏಳಹೋದಳು. ಏಳಲಾಗಲಿಲ್ಲ. ಎದೆಯನ್ನು ಯಾರೋ ತಬ್ಬಿ ಹಿಡಿದಿದ್ದರು.

ಬೆಲ್ಟು. ರೈಮೊ ಹಾಕಿಸಿದ್ದ ರೇಸಿನ ಬೆಲ್ಟು, ಎರಡೂ ಭುಜದ ಮೇಲಿಂದ ಬಂದು ಎದೆಯ ನಡುವೆ ಕಚ್ಚಿಕೊಂಡಿತ್ತು. ಹಾಕಿಕೊಂಡದ್ದು ಯಾವಾಗ? ಅವಳಿಗೆ ನೆನಪಿಲ್ಲ. ಕಾರು ತಿರುಗಿದಾಗ ಅವಳ ಕೈ ಹಾಕಿತೋ, ಬೇರೆ ಕೈಯೋ! ಗುಂಡಿ ಒತ್ತಿದಳು. ಬಿದ್ದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಅದು ಕಲ್ಲಾಗಿತ್ತು. ಮರಗಟ್ಟಿದ ಬೆರಳುಗಳಿಗೆ ಬಲವಿಲ್ಲ.

ಹಿಲ್ಯಾ ಹಾರಲಿಲ್ಲ. ಸೀಟಿನ ಮೇಲೆ ಮಂಡಿಯೂರಿ, ಆ ಗುಂಡಿ ಹಿಡಿದು ಅಮುಕಿದಳು. ತಿರುಚಿದಳು. ಬಾಯಿ ಹಚ್ಚಿ ಬಿಸಿಯುಸಿರು ಊದಿದಳು. ಮತ್ತೆ ಅಮುಕಿದಳು. ಉಗುರು ಕಿತ್ತು ರಕ್ತ ಬಂತು.

"ಬರ್ತಾ ಇಲ್ಲ" ಅಂದಳು ಅಳುತ್ತ. "ಇಷ್ಟು ಬಿಗೀನಾ ಇದು? ಆವತ್ತೂ ಹೀಗೇನಾ?"

"ಆವತ್ತು ನೀರೊಳಗೆ" ಅಂದಳು ಸಿರ್ಯೆ. "ಕತ್ತಲೆ ಬೇರೆ. ಎಳೆದೆ ಹಿಲ್ಯಾ. ಉಸಿರು ಮುಗಿಯೋವರೆಗೂ ಎಳೆದೆ. ಕೊನೆಗೆ ಅವನೇ ನನ್ನ ಕೈ ತಳ್ಳಿಬಿಟ್ಟ."

ಹಿಲ್ಯಾ ಕಣ್ಣೊರೆಸಿಕೊಂಡಳು. ಆಮೇಲೆ ಎರಡೂ ಹೆಬ್ಬೆರಳು ಕೂಡಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಟಕ್ ಎಂದು ಬಿಚ್ಚಿತು.

ಸಿರ್ಯೆ ಹೊರಗೆ ಉರುಳಿದಳು. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಚಕ್ರದ ಪಕ್ಕ ನೀರಿಗೆ ಕೈ ಹಾಕಿ ನೋಡಿದಳು. ಮೊಣಕೈವರೆಗೆ ನೀರು, ಕೆಳಗೆ ಗಟ್ಟಿ. ಒಡೆದದ್ದು ಮೇಲಿನ ಪೊರೆ ಮಾತ್ರ. ಹಳೆಯ ಗಡ್ಡೆ ಅಡಿಯಲ್ಲಿ ಇನ್ನೂ ಹೊತ್ತುಕೊಂಡಿತ್ತು. ಆದರೆ ಎಷ್ಟು ಹೊತ್ತು? ಒದ್ದೆ ಗಡ್ಡೆಯ ಮೇಲೆ ಆ ಚಕ್ರ ಸುಮ್ಮನೆ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದೂ ಇಲ್ಲ. ಕಚ್ಚಲು ಏನಾದರೂ ಬೇಕು. ಮರಳು ದಂಡೆಯಲ್ಲಿತ್ತು.

ಅವಳು ಕೊಂಬೆಯತ್ತ ನೋಡಿದಳು. ಹಿಲ್ಯಾಳೂ ನೋಡಿದಳು. ಪ್ರತಿ ಚಳಿಗಾಲ ಕಾಲಿನಿಂದ ಜಾರುಗಾಡಿ ತಳ್ಳಿಕೊಂಡು ಬಂದು, ಅಣ್ಣ ಮುಳುಗಿದ ಜಾಗದಲ್ಲಿ ಅವಳು ನೆಡುತ್ತಿದ್ದ ಕೊಂಬೆ.

"ಏನು ನೋಡ್ತೀಯ? ಕಿತ್ತು ಹಾಕು" ಅಂದಳು ಹಿಲ್ಯಾ.

ಸಿರ್ಯೆ ಕಿತ್ತಳು. ಮುಳ್ಳುಮುಳ್ಳು ಎಲೆಯ ದಟ್ಟ ಕೊಂಬೆಯನ್ನು ಮುರಿದು ಚಕ್ರದಡಿ ತುರುಕಿದಳು. ಹೇಳುವ ಮೊದಲೇ ಹಿಲ್ಯಾ ಸೀಟಿನ ಬೆನ್ನು ಹತ್ತಿ, ಕುರಿಚರ್ಮದ ಸಮೇತ ಡಿಕ್ಕಿಯ ಮೇಲೆ ಬೋರಲು ಬಿದ್ದಳು. "ಭಾರ ಸಾಕಾ?" ಎಂದು ಕೇಳಿದಳು.

"ಸಾಕು. ಗಟ್ಟಿಯಾಗಿ ಹಿಡ್ಕೋ."

ಎರಡನೇ ಗೇರು. ಉಸಿರಿನಷ್ಟು ಒತ್ತು. ಚಕ್ರ ಕೊಂಬೆಯನ್ನು ಅಗಿಯಿತು. ಜುನಿಪರ್‌ನ ಕಟುವಾಸನೆ ಎದ್ದಿತು. ಕಾರು ನರಳಿತು, ನಡುಗಿತು, ಮುಂದಕ್ಕೆ ಒಂದು ಗೇಣು ಸರಿಯಿತು. ಇನ್ನೊಂದು ಗೇಣು. ಆಮೇಲೆ ಎದ್ದು ಗಟ್ಟಿಗಡ್ಡೆಗೆ ಬಂತು.

ನಿಲ್ಲಿಸಲು ಧೈರ್ಯವಿಲ್ಲ. ಸಾಲಿನ ಕೊಂಬೆಯೊಂದು ಕಂಡ ಮೇಲೆಯೇ ನಿಲ್ಲಿಸಿ, ಹಿಲ್ಯಾಳನ್ನು ಇಳಿಸಿ ಸೀಟಿಗೆ ಹಾಕಿದಳು. ಅಲ್ಲಿಂದ ದಂಡೆಯವರೆಗೆ ಸಿರ್ಯೆ ಒಂದು ಕೈಯಲ್ಲಿ ಓಡಿಸಿದಳು. ಇನ್ನೊಂದು ಕೈಯನ್ನು ಹಿಲ್ಯಾ ಹಿಡಿದುಕೊಂಡು ಬಿಡಲೇ ಇಲ್ಲ. ಪಕ್ಕದ ಎಂಜಿನ್ ಸದ್ದು ಸ್ವಲ್ಪ ದೂರ ಜೊತೆಗೆ ಬಂತು. ಆಮೇಲೆ ಎಲ್ಲೋ ಹಿಂದೆ ಉಳಿಯಿತು.

ದಂಡೆಯಲ್ಲಿ ನರ್ಸ್ ಕರೆಸಿದ್ದ ಆಂಬುಲೆನ್ಸ್ ಕಾದು ನಿಂತಿತ್ತು. ಹಿಲ್ಯಾಳನ್ನು ಸ್ಟ್ರೆಚರಿಗೆ ಹಾಕಿ, ಮೂಗಿಗೆ ಗಾಳಿಯ ಮುಖವಾಡ ಕಟ್ಟಿದರು. ಸಿರ್ಯೆ ಹಿಮದಲ್ಲಿ ನಿಂತಿದ್ದಳು. ತೆವಳಿದಾಗ ನೆನೆದ ಬಟ್ಟೆ ಮೈಮೇಲೆ ಗಡ್ಡೆಗಟ್ಟುತ್ತಿತ್ತು. ಬಾಗಿಲ ಬಳಿಯ ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಜೊತೆಗೆ ಮನೆಯವರು ಒಬ್ಬರು ಬರಬಹುದು. ನೀವು ಇವರಿಗೆ ಏನಾಗ್ಬೇಕು?"

ಸಿರ್ಯೆ ಬಾಯಿ ತೆರೆದಳು. ಏನೂ ಆಗಬೇಕಿಲ್ಲ, ಕರೆತಂದವಳು ಅಷ್ಟೇ, ಅನ್ನುವುದಕ್ಕೆ ಹೊರಟಿದ್ದಳು.

ಒಳಗೆ ಹಿಲ್ಯಾ ಮುಖವಾಡವನ್ನು ಪಕ್ಕಕ್ಕೆ ಎಳೆದಳು.

"ನಮ್ಮ ಅತ್ತಿಗೆ" ಅಂದಳು. "ಬೇಗ ಹತ್ತಿಸ್ಕೊಳ್ಳಿ, ಒದ್ದೆಯಾಗಿದಾಳೆ."