ಅಪ್ಪನ ವೆಲ್ಡಿಂಗ್ ಮಾಸ್ಕ್

“ಏಯ್ ಗಿಣಿ, ನನಗೂ ಒಂದ್ಸಲ ಕೊಡೇ!”

“ತಳ್ಳಬೇಡ್ರೋ! ಗ್ಲಾಸ್ ಒಡೆದ್ರೆ ಅಪ್ಪ ನನ್ನ ಚರ್ಮ ಸುಲೀತಾರೆ.”

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಗಿಣಿಯ ಮೇಜಿನ ಮುಂದೆಯೇ ಹೆಚ್ಚು ನೂಕುನುಗ್ಗಲು. ಅಪ್ಪನ ವೆಲ್ಡಿಂಗ್ ಮಾಸ್ಕನ್ನು ತಲೆಗೆ ಏರಿಸಿಕೊಂಡು ಅವಳು ಅರಳು ಹುರಿದಂತೆ ಮಾತಾಡುತ್ತಿದ್ದಳು. ಗಿಣಿ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

“ವೆಲ್ಡಿಂಗ್ ಬೆಳಕಲ್ಲಿ ಕಾಣದ ಕಿರಣ ಇರುತ್ತೆ. ಕಣ್ಣು ಸುಟ್ಟರೂ ಆಗ ಏನೂ ಗೊತ್ತಾಗಲ್ಲ. ನಾಲ್ಕಾರು ಗಂಟೆ ಬಿಟ್ಟು ಉರಿ ಶುರು! ಕೂಲಿಂಗ್ ಗ್ಲಾಸ್ ಸಾಲದು, ಈ ಕಪ್ಪು ಗಾಜೇ ಬೇಕು.”

ಟೀಚರ್ ಬೆನ್ನು ತಟ್ಟಿದರು. ಮೊದಲ ಬಹುಮಾನ.

ಮಾಸ್ಕ್ ತಂದದ್ದು ಅಪ್ಪನಿಗೆ ಗೊತ್ತಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅಪ್ಪನ ವೆಲ್ಡಿಂಗ್ ಶೆಡ್ಡಿನಲ್ಲಿದ್ದದ್ದು ಅದೊಂದೇ. ‘ನಾಳೆ ಬರೀ ಪೈಪ್ ಕತ್ತರಿಸೋ ಕೆಲಸ’ ಎಂದು ಅಪ್ಪ ಹೇಳಿದ್ದನ್ನು ಕೇಳಿಸಿಕೊಂಡೇ ಬೆಳಿಗ್ಗೆ ಚೀಲಕ್ಕೆ ತುರುಕಿದ್ದಳು.

ಬಹುಮಾನ ವಿತರಣೆ ಮುಗಿದು ಮನೆ ಸೇರುವಾಗ ಕತ್ತಲಾಗಿತ್ತು. ಅಪ್ಪ ಮಂಚದ ಮೇಲೆ ಕೂತು ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಿದ್ದರು.

“ಮರಳು ಸುರಿದ ಹಾಗಾಗ್ತಿದೆ ಕಣೋ!”

“ಎರಡು ದಿನದಲ್ಲಿ ಇಳಿಯುತ್ತೆ ಅಂದ್ರಲ್ಲ ಡಾಕ್ಟ್ರು,” ಎಂದರು ಚಿಕ್ಕಪ್ಪ. ಶೆಡ್ಡಿನಲ್ಲಿ ಅಪ್ಪನ ಜೊತೆಗಿದ್ದವರು ಅವರೊಬ್ಬರೇ.

ಬೆಳಿಗ್ಗೆ ಯಾರೋ ಮುರಿದ ಗೇಟು ತಂದು ಅವಸರ ಮಾಡಿದ್ದರು. ಮಾಸ್ಕ್ ಸಿಗಲಿಲ್ಲ. ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕುವಾಗ ಕಣ್ಣು ಮುಚ್ಚಿಕೊಂಡರಾಯಿತು ಎಂಬುದು ಶೆಡ್ಡಿನವರ ಹಳೆಯ ರೂಢಿ. ಅಪ್ಪ ಹಾಗೇ ಮೂವತ್ತು ಚುಕ್ಕೆ ಹಾಕಿದ್ದರು. ರೆಪ್ಪೆ ಎಷ್ಟು ಸಲ ತಡವಾಗಿ ಮುಚ್ಚಿತೋ ಯಾರಿಗೆ ಗೊತ್ತು?

“ಎಲ್ಲಾ ನಿನ್ನಿಂದ!” ಅಪ್ಪ ತಮ್ಮನ ಮೇಲೆ ಹರಿಹಾಯ್ದರು. “ದಿನಾ ಮಾಸ್ಕನ್ನ ಮೊಳೆಗೆ ಹಾಕು ಅಂತ ಬಡ್ಕೋತೀನಿ. ಎಲ್ಲಿ ಬಿಸಾಕಿದ್ಯೋ! ನಾಳೆಯಿಂದ ಶೆಡ್ಡಿಗೆ ಕಾಲಿಡಬೇಡ.”

“ಹಾಕಿದ್ದೆ ಅಣ್ಣಾ. ನನ್ನ ಕೈಯಾರೆ ಹಾಕಿದ್ದೆ.”

“ಹಾಕಿದ್ರೆ ರೆಕ್ಕೆ ಬಂದು ಹಾರಿಹೋಯ್ತಾ?”

ಬಟ್ಟೆ ಅದ್ದಲು ಬಕೆಟ್ಟಿನ ಕಡೆ ಬಾಗಿದ ಚಿಕ್ಕಪ್ಪನಿಗೆ ಗಿಣಿಯ ಉಬ್ಬಿದ ಚೀಲ ಕಂಡಿತು. ಚೀಲವನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಬಟ್ಟೆ ಅದ್ದತೊಡಗಿದರು.

“ಅದು... ನನ್ನ ಹತ್ರ ಇದೆ ಅಪ್ಪಾ. ನಾನೇ ಸ್ಕೂಲಿಗೆ ತಗೊಂಡು ಹೋಗಿದ್ದೆ.”

ಅಪ್ಪ ಮಾತು ಬಂದ ಕಡೆಗೆ ಮುಖ ತಿರುಗಿಸಿದರು. ಕೆಂಪಗೆ ಊದಿದ ರೆಪ್ಪೆಗಳ ಸಂದಿಯಿಂದ ನೀರು ಸುರಿಯುತ್ತಿತ್ತು. ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಅವಳು ಬೈಗುಳಕ್ಕೆ ಕಾದಳು. ಅದು ಬರಲಿಲ್ಲ. ಸುಮ್ಮನೆ ಬೈಸಿಕೊಂಡ ತಮ್ಮನಿಗೂ ಅಪ್ಪ ಒಂದು ಸಮಾಧಾನದ ಮಾತು ಹೇಳಲಿಲ್ಲ.

“ಲೈಟ್ ಆರಿಸು,” ಎಂದರು ಕೊನೆಗೆ. “ಚುಚ್ತಿದೆ.”

ಆರಿಸಿದಳು. ಚಿಕ್ಕಪ್ಪ ಬಟ್ಟೆ ಹಿಂಡುವ ಸದ್ದು ಮಾತ್ರ ಕೇಳುತ್ತಿತ್ತು. ಚಿಕ್ಕಪ್ಪನ ಮುಖ ಕಾಣದಿದ್ದದ್ದು ಗಿಣಿಗೆ ಒಂದು ಕ್ಷಣ ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು.