ಕಂಬಿಗೆ ಎಟುಕದ ಕೈ

ಹೆಗಲಿನ ಆಪರೇಷನ್ನಿಗೆ ಅವಳ ಒಂದು ವರ್ಷದ ಸಂಬಳ ಬೇಕು. ಮಾಡಿಸದಿದ್ದರೆ ಬಲಗೈ ಇನ್ನು ಮೇಲೇಳುವುದಿಲ್ಲ. ಕೆಲಸದಿಂದಲೇ ಹೀಗಾಯಿತೆಂದು ಸಾಬೀತಾದರೆ ಖರ್ಚೆಲ್ಲ ಲಾಂಡ್ರಿಯದು. ಇಲ್ಲದಿದ್ದರೆ ಬಿಡಿಗಾಸೂ ಇಲ್ಲ.

ಆಸ್ಪತ್ರೆಯ ಚಾದರ ಒಗೆಯುವ ಆ ಲಾಂಡ್ರಿಯಲ್ಲಿ ಒದ್ದೆ ಚಾದರವನ್ನು ಎತ್ತರದ ಕಂಬಿಗೆ ಏರಿಸುವುದು ಗಂಡಸರ ಕೆಲಸ, ಒಣಗಿದ್ದನ್ನು ಮಡಿಸುವುದು ಹೆಂಗಸರದು. ಆದರೆ ಅವಳ ಜೊತೆಗೆ ಹಾಕಿದ ಗಂಡಸು ಅವಳ ಭುಜದಷ್ಟೇ ಎತ್ತರ.

"ಏಣಿ, ನನ್ನ ಮಾನ ಉಳಿಸು," ಎಂದಿದ್ದ ಮೊದಲ ದಿನವೇ, ಪಿಸುದನಿಯಲ್ಲಿ.

"ಮಡಿಸೋಕಾದ್ರೂ ಬರುತ್ತಾ, ಕುಳ್ಳಾ?"

ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಇಬ್ಬರೂ ಜಾಗ ಬದಲಿಸುತ್ತಿದ್ದರು. ಎರಡು ವರ್ಷ ಅವಳೇ ಏರಿಸಿದಳು. ಚಾದರಗಳ ಸಂದಿಯಿಂದ ಅವನ ಕಣ್ಣು ಇಣುಕುತ್ತಿತ್ತು. ಸಿಕ್ಕಿಬಿದ್ದರೆ ಕಿವಿ ಕೆಂಪಾಗುತ್ತಿತ್ತು. ಆ ಕೆಂಪು ಕಿವಿ ನೋಡುವ ಆಸೆಗೆ ಅವಳು ಇನ್ನೊಂದು ಗಾಡಿ ಚಾದರ ಎಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹೆಗಲಲ್ಲಿ ಏನೋ ಕಿತ್ತುಬಂದಂತಾಯಿತು.

ವಿಚಾರಣೆ ಕಂಬಿಯ ಕೋಣೆಯಲ್ಲೇ ಇತ್ತು. ಒಳಗೆ ಹೋಗುವ ಮುನ್ನ ಬಾಗಿಲಾಚೆ ಅವಳು ಅವನನ್ನು ಕೇಳಿದಳು, "ನಿಜ ಹೇಳ್ತೀಯ ತಾನೇ?"

"ಹೇಳಿದ್ರೆ ನನ್ನ ಓಡಿಸ್ತಾರೆ ಕಣೇ. ನಾನೇ ಏರಿಸ್ತಿದ್ದೆ ಅಂದ್ರೆ ಮೇಸ್ತ್ರಿ ಮಾಡ್ತೀವಿ ಅಂತ ಮಾಲೀಕರು ಅಂದಿದಾರೆ. ಮದುವೆ ಆಗೋಣ, ನಿನ್ನನ್ನ ನಾನು ನೋಡ್ಕೋತೀನಿ."

"ನನಗೆ ನನ್ನ ಕೈ ಬೇಕು. ನೋಡ್ಕೊಳ್ಳೋರು ಬೇಡ."

ಒಳಗೆ ವಿಚಾರಣೆಗೆ ಬಂದಿದ್ದ ಸರ್ಕಾರಿ ಅಧಿಕಾರಿ ಕೇಳಿದರು, "ಕಂಬಿಗೆ ಏರಿಸ್ತಿದ್ದಿದ್ದು ಯಾರು?"

"ನಾನೇ ಸರ್," ಎಂದ ಅವನು. "ಇವರು ಮಡಿಸ್ತಿದ್ರು."

'ಇವರು'! ಆ ಮರ್ಯಾದೆ ಕಪಾಳಕ್ಕೆ ಬಾರಿಸಿದಂತಿತ್ತು.

"ಸರ್," ಎಂದಳು, "ಒಂದೇ ಒಂದು ಚಾದರ ಏರಿಸಿ ತೋರಿಸ್ಲಿ."

ಅವನು ತುದಿಗಾಲಲ್ಲಿ ನಿಂತ. ಹಾರಿದ. ಒದ್ದೆ ಚಾದರ ಅವನ ತಲೆಯ ಮೇಲೇ ಬಿತ್ತು. ಕೆಲಸ ಹೋದೀತೆಂದು ಹೆದರಿ ಗೋಡೆಗೆ ಒತ್ತಿ ನಿಂತಿದ್ದ ಮಡಿಸುವ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಹಾಗಾದ್ರೆ ಏರಿಸಿದ್ದು ಯಾರ್ರೀ?" ಎಂದರು ಅಧಿಕಾರಿ.

ನಕ್ಕವರಿಗೆ ಇನ್ನೆಲ್ಲಿಯ ಹೆದರಿಕೆ? "ಅವಳೇ ಸರ್, ದಿನಾ ಅವಳೇ!"

ಅಧಿಕಾರಿ ಬರೆದುಕೊಂಡರು. ಅಲ್ಲಿಗೆ ಸಾಕಿತ್ತು. ಆದರೂ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು, "ಇನ್ನೊಂದು ಸಲ ಹಾರು, ಕುಳ್ಳಾ."

ಅಂದಿನವರೆಗೆ ಆ ಹೆಸರು ಇಬ್ಬರ ನಡುವೆ ಮಾತ್ರ ಇತ್ತು.

ಹೊರಗೆ ಅವನ ಕೂದಲಿಂದ ನೀರು ಇಳಿಯುತ್ತಿತ್ತು. "ಎಲ್ಲರ ಮುಂದೆ ಹಾಗೆ ಕರೀಬೇಕಿತ್ತಾ?"

"ಎಲ್ಲರ ಮುಂದೆ ನಾನು 'ಇವರು' ಆದೆನಲ್ಲ."

"ನಿನ್ನ ಮೇಲೆ ಪ್ರೀತಿ ಇತ್ತು ಕಣೇ. ಈಗ್ಲೂ ಇದೆ."

"ನನಗೂ ಇತ್ತು. ಇಲ್ದಿದ್ರೆ ಈ ಹೆಗಲು ಹರೀತಾನೇ ಇರ್ಲಿಲ್ಲ."

ಅವನು ಕೈ ಚಾಚಿದ. ಅವಳು ನೋವಿಲ್ಲದ ಕೈಯನ್ನೂ ಕೊಡಲಿಲ್ಲ.

ಆಪರೇಷನ್ನಿನ ಖರ್ಚನ್ನು ಲಾಂಡ್ರಿ ಕೊಟ್ಟಿತು. ಸುಳ್ಳು ಹೇಳಿದ್ದಕ್ಕೆ ಅವನ ಕೆಲಸ ಹೋಯಿತು, ಊರನ್ನೂ ಬಿಟ್ಟ. ಅವಳ ಕೈ ಈಗ ತಲೆಯವರೆಗೆ ಏಳುತ್ತದೆ, ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಕೈ ಉಳಿಯಿತು. ಅವನು ಉಳಿಯಲಿಲ್ಲ.